ಹಬ್ಬದ ಬಳ್ಳಿ

ಕಲಬುರಗಿ,
ಮೂರನೆಯ ಮೇ ತಿಂಗಳು, ತಾರೀಖು ಹತ್ತೊಂಬತ್ತು, 2191

ಪೂಜ್ಯ ಗೌರಾ ಆಯಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಕಸ್ತೂರಿಬಾಯಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮೇ ತಿಂಗಳು ಮೂರು. ಹಿಂದೆ ಜೂನ್ ಎಂದ ಕೂಡಲೇ ಜನ ಮೂಲೆಯ ಕೊಡೆ ಹುಡುಕಿ, ಆಕಾಶ ನೋಡಿ, ಮನಸ್ಸು ಕೆಡಿಸಿಕೊಳ್ಳುತ್ತಿದ್ದರಂತೆ. ಅದಕ್ಕೆ ಹಿರಿಯರು ಜೂನ್ ಜುಲೈಗಳಿಗೂ ಮೇ ಎಂದೇ ಹೆಸರಿಟ್ಟು ಆಸೆಯನ್ನು ಬೇರು ಸಹಿತ ಕಿತ್ತರು. ಹೀಗೆ ವರ್ಷದ ಕಾಲುಭಾಗವನ್ನು ನಾವು ಮೇ ಮೇ ಮೇ ಎಂದು ಆಡುಗಳ ಹಾಗೆ ಕಳೆಯುತ್ತೇವೆ. ಮಾತುಗಳು ವಿಚಿತ್ರವಾಗಿ ಕಂಡರೂ ಕ್ಷಮಿಸಬೇಕು. ನಮ್ಮ ಕನ್ನಡಕ್ಕೆ ತುಸು ಬಿಸಿಲು ಬಡಿದಿದೆ. ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಅದು ಹೇಗೆ ನಡೆಯುತ್ತದೆಂದು ನನಗೆ ತಿಳಿಯದು. ಮುಂದಕ್ಕೆ ಹೋಗಬೇಕಾದ ಪತ್ರಗಳೇ ಇನ್ನೂ ತಡ ಎನ್ನುವುದಷ್ಟು ಗೊತ್ತು.

ನಿಮ್ಮದೊಂದು ಪಟ ನಮ್ಮ ಮನೆಯಲ್ಲಿದೆ. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಆದ ಆಘಾತ ಇನ್ನೂ ಇಳಿದಿಲ್ಲ. ನೀವು ಮಾಳಿಗೆಯ ಮೇಲೆ ನಿಂತಿದ್ದೀರಿ. ನಿಮ್ಮ ನೆರಳು ನಿಮ್ಮ ಕಾಲಡಿಯಲ್ಲೇ ಮುದುರಿಕೊಂಡಿದೆ. ಅಂದರೆ ಅದು ನಡುಮಧ್ಯಾಹ್ನ. ನಡುಮಧ್ಯಾಹ್ನ, ಬರಿದಲೆ, ಮೇಲೆ ನಗು ಬೇರೆ! ಪಕ್ಕದಲ್ಲಿ ಬಣ್ಣ ಖಾಲಿಯಾದ ಕಪ್ಪು ಡಬ್ಬಿ, ಡಬ್ಬಿಯಲ್ಲಿ ಗುಲಾಬಿ ಬಣ್ಣದ ಕಾಗದದ ಹೂವಿನ ಗಿಡ, ಡಬ್ಬಿಯ ಕೆಳಗೆ ಕಾದ ಸಿಮೆಂಟು. ಈ ಪಟವನ್ನು ನಾವು ಮಕ್ಕಳಿಗೆ ತೋರಿಸುವುದಿಲ್ಲ. ಆ ಹೊತ್ತಿಗೆ ನಮ್ಮಲ್ಲಿ ಬಿಸಿಲಿರುಳು ಎನ್ನುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಊರೆಲ್ಲ ಕದವಿಕ್ಕಿ ಮಲಗಿದರೆ ಏಳುವುದು ಸಂಜೆ ಆರಕ್ಕೆ. ಸಂತೆ, ಶಾಲೆ, ಕಚೇರಿ, ಜಗಳ ಎಲ್ಲವೂ ಕತ್ತಲಾದ ಮೇಲೆಯೇ. ಬಿಸಿಲಿರುಳಿನಲ್ಲಿ ಬೀದಿಗಿಳಿದವರನ್ನು ಕಳ್ಳರು ಎನ್ನುವುದಿಲ್ಲ, ಕಳ್ಳರಿಗೆ ಅಷ್ಟು ಬುದ್ಧಿಯಿದೆ. ಹುಚ್ಚರು ಎನ್ನುತ್ತೇವೆ. ನೀವೋ ಆ ಹೊತ್ತಿನಲ್ಲಿ ಬೀದಿಯಲ್ಲಿ ನಿಂತು ಸೀರೆಗೆ ಚೌಕಾಸಿ ಮಾಡುತ್ತಿದ್ದಿರಂತೆ, ಗಿಡಗಳಿಗೆ ನೀರನ್ನೂ ಹಾಕುತ್ತಿದ್ದಿರಂತೆ. ಕಾದ ಕುಂಡಕ್ಕೆ ಮಧ್ಯಾಹ್ನ ನೀರು ಹೊಯ್ಯುವುದೆಂದರೆ ಬೇರಿಗೆ ಕಷಾಯ ಕುಡಿಸಿದಂತೆ, ಆಯಿ. ಅಷ್ಟಾದರೂ ಆ ಗಿಡ ಸಾಯಲಿಲ್ಲ. ಅದೇ ನಮ್ಮ ಭಾಗ್ಯ, ಅದೇ ಈಗ ನಮ್ಮ ಗೋಳು.

ಇಲ್ಲಿ ಮನೆಗಿಂತ ಮನೆಯ ಬಳ್ಳಿ ದೊಡ್ಡದು. ಪಡುವಣ ಗೋಡೆಗೆ ಬಳ್ಳಿ ಹಬ್ಬಿರದಿದ್ದರೆ ಒಳಗಿನವರು ಒಲೆಯಿಲ್ಲದೆ ಬೇಯುತ್ತಾರೆ. ನೆಲದಲ್ಲೇ ನೆಡಬಾರದೇ ಎಂದು ಕೇಳುತ್ತೀರಿ. ನೀವು ನಮಗೆ ಬಿಟ್ಟು ಹೋದ ನೆಲ ಸಿಮೆಂಟು. ಆದ್ದರಿಂದ ಎಲ್ಲವೂ ಕುಂಡದಲ್ಲಿ. ಕುಂಡವೆಂದರೆ ನಿಮ್ಮ ಡಬ್ಬಿಯಲ್ಲ. ದೊಡ್ಡ ಮಣ್ಣಿನ ಕುಂಡದೊಳಗೆ ಚಿಕ್ಕದೊಂದು ಕುಂಡ, ನಡುವೆ ಒದ್ದೆ ಮರಳು, ಮೇಲೆ ಒಣಹುಲ್ಲಿನ ಹೊದಿಕೆ, ಕೆಳಗೆ ನೆಲ ತಾಗದಂತೆ ಇಟ್ಟಿಗೆ, ಹೊರಗೆ ಸುಣ್ಣದ ಬಿಳಿ. ಬಿಸಿಲು ತಲೆಗೆ ಬಿದ್ದರೆ ಬಳ್ಳಿ ತಡೆಯುತ್ತದೆ. ಬೇರು ಬೆಂದರೆ ಬೇರೇನೂ ಉಳಿಯುವುದಿಲ್ಲ. ಒಂದು ಮನೆಗೆ ರಂಗೂನ್ ಮಲ್ಲಿಗೆ, ಇನ್ನೊಂದಕ್ಕೆ ಶಂಖಪುಷ್ಪ, ಮತ್ತೊಂದಕ್ಕೆ ಕಹಳೆ ಹೂವು. ಇದೇ ಮನೆಬಳ್ಳಿ, ಹೆಚ್ಚುಕಡಿಮೆ ಅಡ್ಡಹೆಸರಿನಂತೆ. ನಮ್ಮದು ನೀವು ತಂದ ಕಾಗದದ ಹೂವು. ಕಡ್ಡಿಯಿಂದ ಕಡ್ಡಿಗೆ, ಮನೆಯಿಂದ ಮನೆಗೆ ಸಾಗಿ ಬಂದ ಅದೇ ಗಿಡ. ಅದರ ಹೂವು ಹೂವೇ ಅಲ್ಲ, ಬಣ್ಣ ಬಳಿದುಕೊಂಡ ಎಲೆ ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ನೀರು ಹೆಚ್ಚಾದರೆ ಸೊಪ್ಪು ಬಿಡುತ್ತದೆ, ಬಾಯಾರಿಸಿದರೆ ಹೂ ಬಿಡುತ್ತದೆ. ನಮ್ಮ ಕಾಲಕ್ಕೆಂದೇ ಮಾಡಿಸಿಟ್ಟಂತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕುಂಡಲಿ ನೋಡುವ ಕಾಲ ಹೋಗಿ ಕುಂಡ ನೋಡುವ ಕಾಲ ಬಂದಿದೆ. ಹೆಣ್ಣು ಗಂಡು ಒಪ್ಪಿದ ಮೇಲೆ, ಹೆಣ್ಣಿನ ಮನೆಯ ಅಂಗಳದಲ್ಲಿ ನುಣುಪಾದ ಬಿದಿರಿನ ಗಳುವೊಂದನ್ನು ನಿಲ್ಲಿಸಿ ಅದರ ಬುಡಕ್ಕೆ ಎರಡೂ ಮನೆಬಳ್ಳಿಗಳ ಕುಂಡ ಇಡುತ್ತಾರೆ. ಅದಕ್ಕೆ ಕೂಡುಗಂಬ ಎಂದು ಹೆಸರು. ಮೂರನೆಯ ಮೇ ಮುಗಿಯುವುದರೊಳಗೆ ಎರಡೂ ಬಳ್ಳಿ ಕಂಬ ಹಿಡಿದು ಆಳೆತ್ತರ ಏರಿ ಹೂ ಬಿಟ್ಟರೆ ಮದುವೆ. ಒಂದು ಹಿಡಿದು ಇನ್ನೊಂದು ಬಿದ್ದರೆ ಜಗಳವಿಲ್ಲ, ದೂರಿಲ್ಲ. ಎಲ್ಲರೂ ಊಟ ಮಾಡಿ ಕುಂಡ ಎತ್ತಿಕೊಂಡು ಮನೆಗೆ ಹೋಗುತ್ತಾರೆ, ಸಂಬಂಧ ಅಲ್ಲಿಗೆ ಮುಗಿಯಿತು. ಬಳ್ಳಿಗಳು ಒಣಗಿ ಮನೆಮನೆಯೇ ಗುಳೆ ಹೋದ ಕಾಲದಲ್ಲಿ ಹುಟ್ಟಿದ ಪದ್ಧತಿಯಂತೆ. ಆಗ ಹುಡುಗನ ಹಲ್ಲಿಗಿಂತ ಅವನ ಮನೆಯ ಬಳ್ಳಿ ನೋಡುವುದು ಜಾಣತನವಾಗಿತ್ತು. ಕುಂಡ ಇಟ್ಟ ಮೇಲೆ ಆಯಾ ಮನೆಯವರು ಬುಡಕ್ಕೆ ನೀರು ಹಾಕಬಹುದು. ಬಳ್ಳಿಗೆ ಕೈ ಹಚ್ಚುವಂತಿಲ್ಲ. ಹಚ್ಚಿದರೆ ಮೋಸ, ಮದುವೆ ರದ್ದು.

ಈ ವರ್ಷ ನಮ್ಮ ಅಂಗಳದಲ್ಲಿ ಕೂಡುಗಂಬ ನಿಂತಿದೆ. ನನ್ನ ಅಣ್ಣ ಧೂಳಪ್ಪನ ಮಗಳು ಜಗದೇವಿಗೆ ಚಂದ್ರಶಾ ಎಂಬ ಹುಡುಗ ಒಪ್ಪಿಗೆಯಾಗಿದ್ದಾನೆ. ಒಪ್ಪಿಗೆ ಎನ್ನುವುದು ಸಭ್ಯ ಮಾತು. ಅವನ ಹೆಸರು ಕೇಳಿದರೆ ಇವಳು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ತಾಯಿಯಿಲ್ಲದ ಹುಡುಗಿ. ಗಂಡ ತೀರಿಕೊಂಡ ಮೇಲೆ ಮಗನನ್ನು ಕರೆದುಕೊಂಡು ತವರಿಗೆ ಬಂದ ನಾನೇ ಅವಳನ್ನು ಬೆಳೆಸಿದ್ದು. ಹುಡುಗನ ಕಡೆಯಿಂದ ಕುಂಡ ತಂದಿಟ್ಟವರು ಅವನ ಅಜ್ಜಿ ಸುಗಲಾಬಾಯಿ. ಎಂಬತ್ತು ದಾಟಿದ, ಒಂದು ಮಾತಿನಲ್ಲಿ ಹತ್ತು ಮುಳ್ಳಿಡುವ ಮುದುಕಿ. ಈ ಊರಿನ ಎಲ್ಲ ಮುದುಕಿಯರಂತೆ ಎಲೆಹಸಿರು ಸೀರೆ, ಅದರ ಸೆರಗು ಎಲ್ಲರ ಸೆರಗಿನಂತೆ ಚಿಂದಿ. ವಯಸ್ಸಾದ ಮೇಲೆ ಹೆಂಗಸರೆಲ್ಲ ಅದೇ ಹಸಿರನ್ನು ಕೊಂಡು ಅದೇ ತುದಿಯನ್ನು ಯಾಕೆ ಹರಿದುಕೊಳ್ಳುತ್ತಾರೆ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ಅವರ ಮನೆಬಳ್ಳಿ ಶಂಖಪುಷ್ಪ. ಇಟ್ಟ ವಾರದಲ್ಲೇ ಅದು ಕಂಬವನ್ನು ಸುತ್ತಿ ಸುತ್ತಿ, ನಾಚಿಕೆಯಿಲ್ಲದೆ ಮೇಲೇರಿ, ನೀಲಿ ಹೂ ಬಿಟ್ಟು ಕೂತಿದೆ.

ನಮ್ಮದು? ನಮ್ಮದು ಆಳೆತ್ತರ ಬೆಳೆದು ಹೂ ಬಿಟ್ಟರೂ ಕಂಬಕ್ಕೆ ಬೆನ್ನು ತಿರುಗಿಸಿ, ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಂತೆ, ಅಂಗಳದ ಕಡೆ ವಾಲಿಕೊಂಡು ನಿಂತಿದೆ. ನಾನು ನಂಬಲಿಲ್ಲ. ಹತ್ತಿರ ಹೋಗಿ ನೋಡಿದೆ, ಮತ್ತೆ ಹೋಗಿ ನೋಡಿದೆ. ಅದಕ್ಕೆ ಸುತ್ತುವ ತುದಿಯಿಲ್ಲ, ಹಿಡಿಯುವ ಕುಡಿಯಿಲ್ಲ. ಇರುವುದು ಮುಳ್ಳು ಮಾತ್ರ. ಗೋಡೆಯ ಜಾಲರಿಯಾದರೆ ಮುಳ್ಳು ಸಿಕ್ಕಿಸಿಕೊಂಡು ನಿಲ್ಲುತ್ತದೆ. ನುಣುಪಾದ ಬಿದಿರಿನಲ್ಲಿ ಏನನ್ನು ಹಿಡಿದೀತು? ಆಯಿ, ಹಬ್ಬದ ಬಳ್ಳಿ ಎಂದು ಇಷ್ಟು ಕಾಲ ಮೆರೆಸಿದ್ದು ನಿಜಕ್ಕೂ ಹಬ್ಬದ ಬಳ್ಳಿಯೇ, ಎಂದೂ ಹಬ್ಬಲಾರದ ಬಳ್ಳಿ! ಹಾಗಾದರೆ ನನ್ನ ಮದುವೆಯಲ್ಲಿ ಇದು ಕಂಬ ಹತ್ತಿದ್ದು ಹೇಗೆ? ನನ್ನ ಅವ್ವನ ಮದುವೆಯಲ್ಲಿ? ಧೂಳಪ್ಪನಿಗೆ ಈ ಪ್ರಶ್ನೆಯೇ ಇಲ್ಲ. ನಮ್ಮ ಬಳ್ಳಿ ಎಂದೂ ಕೈ ಬಿಟ್ಟಿಲ್ಲ ಎನ್ನುತ್ತಾನೆ. ಬಿಡಲು ಅದಕ್ಕೆ ಕೈಯಾದರೂ ಇರಬೇಕಲ್ಲ. ನಮ್ಮಲ್ಲಿ ಯಾರೂ ಅದನ್ನು ಮುಟ್ಟಬಾರದೆಂದು ರಾತ್ರಿಯಿಡೀ ಕಂಬದ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಾನೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಒಳಗೆ ಬಂದು ಮಲಗುತ್ತಾನೆ. ಆ ಹೊತ್ತಿನಲ್ಲಿ ಕಾಯುವ ಅಗತ್ಯ ಯಾರಿಗಿದೆ? ನಿನ್ನೆ ಸಂಜೆ ಜಗದೇವಿ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗದೆಯೇ ಕೇಳಿದಳು: “ಅತ್ತಿ, ಇದು ನನ್ನ ಮ್ಯಾಲ ಸಿಟ್ಟಾಗ್ಯಾದೇನು?”

ನಗಿಸುವುದೇ ನನ್ನ ಕಸುಬು, ಆಯಿ. ನಗಿಸುವ ಬದಲು ಒಳಗೆ ಹೋಗಿ ಕಾಗದ ಹುಡುಕಿದೆ.

ಅದಕ್ಕೆ ಈ ಪತ್ರ. ನೀವು ಸಸಿ ಮಾರುವವರ ಹತ್ತಿರ ಹೋಗಿ, ಒಂದು ಕೈಯಲ್ಲಿ ಶಂಖಪುಷ್ಪ, ಇನ್ನೊಂದು ಕೈಯಲ್ಲಿ ಕಾಗದದ ಹೂವು ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದಿರಿ, ಕೊನೆಗೆ ಬಣ್ಣಕ್ಕೆ ಮರುಳಾಗಿ ಇದನ್ನು ತಂದಿರಿ ಎಂದು ನಮ್ಮ ಮನೆಯಲ್ಲಿ ಕತೆಯಿದೆ. ಪತ್ರ ಅಷ್ಟರೊಳಗೆ ತಲುಪಿದರೆ ನನ್ನ ಬೇಡಿಕೆ ಇಷ್ಟೇ. ಆ ಗುಲಾಬಿ ಬಣ್ಣದ್ದನ್ನು ಕೆಳಗಿಡಿ. ತಾನಾಗಿ ಹಬ್ಬುವುದನ್ನು ತನ್ನಿ. ಹುಡುಗಿಯ ಬಾಳಿನ ಪ್ರಶ್ನೆ.

ಮೂರನೆಯ ಮೇ, ತಾರೀಖು ಮೂವತ್ತೊಂದು

ಮೇಲಿನದನ್ನು ಬರೆದಿಟ್ಟವಳು ಅಂಚೆಗೆ ಹಾಕಲಿಲ್ಲ. ಹಾಕದೆ ಇದ್ದದ್ದು ಪುಣ್ಯ. ಅದನ್ನು ಹರಿಯದೆ ಉಳಿಸಿದ್ದೇನೆ, ನೀವು ಓದಿ ನಗಲೆಂದು. ಈಗ ಬರೆಯುವುದನ್ನು ಮಾತ್ರ ದಯವಿಟ್ಟು ಕುಳಿತುಕೊಂಡು ಓದಿ. ನಾನು ಇನ್ನೂ ಸರಿಯಾಗಿ ಕುಳಿತಿಲ್ಲ. ಅಂಗಾಲು ಸುಟ್ಟುಕೊಂಡಿದ್ದೇನೆ, ಮನಸ್ಸಂತೂ ನಿಲ್ಲುತ್ತಿಲ್ಲ.

ಮೊನ್ನೆ ಬಿಸಿಲಿರುಳಿನ ನಡುವೆ, ಊರೆಲ್ಲ ಸತ್ತಂತೆ ಮಲಗಿದ್ದಾಗ, ಅಂಗಳದಲ್ಲಿ ತಂಬಿಗೆ ಉರುಳಿದ ಸದ್ದಾಯಿತು. ಬೆಕ್ಕೂ ಹೊರಗೆ ಹೋಗದ ಹೊತ್ತು. ಕಿಟಕಿಯ ಹಲಗೆ ಸರಿಸಿ ನೋಡಿದೆ. ಬೆಳಕು ಕಣ್ಣಿಗೆ ಹೊಡೆಯಿತು. ಆ ಬೆಳಕಿನೊಳಗೆ, ನೆನೆಸಿದ ಗೋಣಿಚೀಲ ತಲೆಯ ಮೇಲೆ ಹೊದ್ದುಕೊಂಡು, ಒಂದು ಆಕೃತಿ ಕೂಡುಗಂಬವನ್ನು ತಬ್ಬಿಕೊಂಡಂತೆ ನಿಂತಿತ್ತು. ಎಂಬತ್ತು ದಾಟಿದ ಸುಗಲಾಬಾಯಿ. ತನ್ನ ಎಲೆಹಸಿರು ಸೆರಗಿನ ತುದಿಯನ್ನು ಹಲ್ಲಿನಿಂದ ಹರಿದು ಎಳೆ ಮಾಡಿ, ನಮ್ಮ ಕಾಗದದ ಹೂವಿನ ಕೊಂಬೆಯನ್ನು ಒಂದು ಕೈಯಲ್ಲಿ ಕಂಬಕ್ಕೆ ಒತ್ತಿ ಹಿಡಿದು, ಎಲೆಯ ಮರೆಯಲ್ಲಿ ಗಂಟು ಹಾಕುತ್ತಿದ್ದಳು. ತನ್ನದನ್ನಲ್ಲ, ನಮ್ಮದನ್ನು. ಕೈತುಂಬ ಮುಳ್ಳು ಚುಚ್ಚಿದ ರಕ್ತ.

ನಾನು ಬರಿಗಾಲಲ್ಲೇ ಓಡಿದೆ. ಅಂಗಳ ಹೆಂಚಿನಂತೆ ಕಾದಿತ್ತು, ಆಗ ಅದು ಗೊತ್ತಾಗಲಿಲ್ಲ. ಮುದುಕಿಯನ್ನು ಒಳಗೆ ಎಳೆದುಕೊಂಡು ಬಂದು ಬಚ್ಚಲಲ್ಲಿ ಕೂರಿಸಿ ತಲೆಯ ಮೇಲೆ ನೀರು ಹೊಯ್ದೆ. ಆಕೆಯ ತುಟಿ ಬಿಳಚಿತ್ತು, ಕಣ್ಣು ಮೇಲೆ ಹೋಗುತ್ತಿತ್ತು, ಮೈ ನಡುಗುತ್ತಿತ್ತು. ಮದುವೆ ಮನೆ ಹೋಗಿ ಸಾವಿನ ಮನೆಯಾಯಿತು ಎಂದುಕೊಂಡೆ. ಬಾಯಿಗೆ ಸಕ್ಕರೆ ಉಪ್ಪಿನ ನೀರು ಬಿಟ್ಟೆ. ಬಹಳ ಹೊತ್ತಿನ ಮೇಲೆ ಮುದುಕಿ ಕಣ್ಣು ತೆರೆದು ಮೊದಲು ಕೇಳಿದ್ದು ನೀರಲ್ಲ, ಧೂಳಪ್ಪ ಎದ್ದನೇ ಎಂದು. ಇಲ್ಲ ಎಂದೆ. ಇನ್ನೂ ಎರಡು ಗಂಟು ಉಳಿದಿವೆ, ಮತ್ತೆ ಹೋಗಬೇಕು ಎಂದಳು. ನಾನು ಇದೇನು ಹುಚ್ಚು, ಯಾಕೆ ಎಂದು ಕೇಳಿದ್ದಕ್ಕೆ, ನನ್ನನ್ನು ಕಲಿಯದ ಮಗುವಿನಂತೆ ನೋಡಿ ಹೇಳಿದಳು.

“ನಿಮ್ಮದು ತಾನಾಗೇ ಎಂದೂ ಹಬ್ಬಿಲ್ಲ, ಹಬ್ಬಂಗೂ ಇಲ್ಲ. ಅದಕ್ಕ ಆಚಿ ಮನಿಯವರು ಬಂದು ಕಟ್ಟಬೇಕು. ನಿನ್ನ ಲಗ್ನದಾಗ ನಿಮ್ಮ ಅತ್ತಿ ನೀಲಗಂಗಮ್ಮ ಕಟ್ಟಿದ್ಳು. ನಿನಗ ಹೇಳಿಲ್ಲಲ್ಲ?”

ಇಲ್ಲ ಎಂದು ತಲೆಯಾಡಿಸಿದೆ.

“ಹೇಳಂಗಿಲ್ಲ. ಹೇಳಿದ್ರ ಕಟ್ಟಿದ್ದು ಬಿಚ್ಚಿದಂಗ.”

ಆಯಿ, ನನ್ನ ಅತ್ತೆ ನೀಲಗಂಗಮ್ಮನ ವಿಷಯ ನಿಮಗೆ ಗೊತ್ತಿಲ್ಲ. ಬದುಕಿದ್ದಷ್ಟು ಕಾಲ ಆಕೆ ನನಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ, ನಾನೂ ಬಿಟ್ಟವಳಲ್ಲ. ಎಲ್ಲಕ್ಕೂ ಮೂಲ ಮದುವೆಯ ದಿನದ್ದು. ನನ್ನ ಹಣೆಗೆ ಕುಂಕುಮ ಹಚ್ಚಲು ಬಂದಾಗ ಆಕೆಯ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಸೊಸೆಯ ಮೈ ಸೋಕದಿರಲಿ ಎಂದು ಸುತ್ತಿಕೊಂಡು ಬಂದಿದ್ದಾಳೆ ಎಂದುಕೊಂಡೆ. ಆ ಬಟ್ಟೆಯನ್ನು ನಾನು ಎದೆಯಲ್ಲಿಟ್ಟುಕೊಂಡು ಸಂಸಾರ ಮಾಡಿದೆ. ಮದುವೆಗೆ ಮೊದಲು ಆಕೆ ಬಿಸಿಲಿರುಳಿನಲ್ಲಿ ಎಲ್ಲೋ ಹೋಗಿ ತಲೆತಿರುಗಿ ಬಿದ್ದಿದ್ದಳು ಎಂಬ ಸುದ್ದಿಯೂ ಇತ್ತು. ಮಧ್ಯಾಹ್ನಕ್ಕೂ ಸಂಜೆಗೂ ವ್ಯತ್ಯಾಸ ತಿಳಿಯದ ಹೆಂಗಸು ಎಂದು ಊರೆಲ್ಲ ನಗುತ್ತಿತ್ತು, ಆ ನಗೆಚಾಟಿಕೆಗೆ ಒಗ್ಗರಣೆ ಹಾಕುತ್ತಿದ್ದವಳು ನಾನೇ. ಆಕೆ ಒಂದು ಸಲವೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನ ಮದುವೆಯ ಗಂಟು ಬಿಚ್ಚಿ ಹೋಗುತ್ತಿತ್ತೆಂದು ನಂಬಿದ್ದಳು. ಆ ಬಟ್ಟೆಯ ಕೆಳಗಿದ್ದದ್ದು ನಮ್ಮ ಮುಳ್ಳು.

ಇತ್ತ ಬಚ್ಚಲಲ್ಲಿ ಸುಗಲಾಬಾಯಿ ಗೋಡೆ ಹಿಡಿದು ಏಳತೊಡಗಿದಳು. ನಾನೇ ಕಟ್ಟಿ ಬರುತ್ತೇನೆ ಎಂದೆ. ಕಣ್ಣಲ್ಲೇ ಗದರಿದಳು; ಬಳ್ಳಿಯ ಮನೆಯವರದೇ ಕೈ ತಾಗುವಂತಿಲ್ಲ. ಹಾಗಾದರೆ ಹೋಗಗೊಡುವುದಿಲ್ಲ ಎಂದೆ. ಹುಡುಗಿಯ ಮುಖ ನೋಡಿ ಹೇಳು ಎಂದಳು. ಬಾಗಿಲ ಸಂದಿಯಿಂದ ಜಗದೇವಿ ಮಲಗಿರುವುದು ಕಾಣುತ್ತಿತ್ತು. ನಿದ್ದೆಯಲ್ಲೂ ಹುಬ್ಬು ಗಂಟಿಕ್ಕಿತ್ತು.

ಕೊನೆಗೆ ಹೀಗೆ ಮಾಡಿದೆವು. ಹಾಸಿಗೆಯ ದುಪ್ಪಟಿಯನ್ನು ನೀರಲ್ಲಿ ಅದ್ದಿ, ಎರಡೂ ಕೈಯೆತ್ತಿ ಮುದುಕಿಯ ತಲೆಯ ಮೇಲೆ ಚಪ್ಪರದಂತೆ ಹಿಡಿದುಕೊಂಡು ನಾನು ನಿಂತೆ. ಅವಳು ಕಟ್ಟಿದಳು. ದುಪ್ಪಟಿಯಿಂದ ಹನಿ ಬೀಳುವುದು, ಬಿದ್ದದ್ದು ನೆಲ ಮುಟ್ಟುವ ಮೊದಲೇ ಒಣಗುವುದು. ನಮ್ಮ ಕೊಂಬೆಯನ್ನು ಆಕೆ ಕಂಬಕ್ಕೆ ಒತ್ತುವಾಗ, ನೀಲಿ ಶಂಖಪುಷ್ಪದ ಒಂದು ಸುರುಳಿಯನ್ನು ನಿಧಾನವಾಗಿ ಬಿಡಿಸಿ ನಮ್ಮದರ ಮೇಲೆ ಹಾಯಿಸಿದಳು, ಮಗುವಿನ ಕೈಯನ್ನು ಇನ್ನೊಂದು ಮಗುವಿನ ಹೆಗಲ ಮೇಲೆ ಇಟ್ಟಂತೆ. ನಾನು ಮುಟ್ಟಲಿಲ್ಲ. ನೆರಳು ಹಿಡಿಯಬಾರದೆಂದು ಯಾವ ಪದ್ಧತಿಯೂ ಹೇಳಿಲ್ಲ. ಕಟ್ಟಿ ಮುಗಿದ ಮೇಲೆ ಆಕೆಯನ್ನು ನನ್ನ ಕೋಣೆಯಲ್ಲೇ ಮಲಗಿಸಿ, ಸಂಜೆ ಕತ್ತಲಾದ ಮೇಲೆ ಹಿತ್ತಿಲಿನಿಂದ ಕಳಿಸಿದೆ. ಸಂಜೆ ಎದ್ದ ಧೂಳಪ್ಪ ಅಂಗಳಕ್ಕೆ ಹೋದವನೇ ಅಲ್ಲೇ ನಿಂತುಬಿಟ್ಟ. ಆಮೇಲೆ ಊರಿಗೆಲ್ಲ ಕೇಳುವಂತೆ ಮಗಳನ್ನು ಕರೆದ. ಅವನ ಬಾಯಲ್ಲಿ ಈಗ ಇನ್ನೂ ಎರಡು ತಲೆಮಾರಿಗಾಗುವಷ್ಟು ಜಂಬ ತುಂಬಿದೆ.

ನಿನ್ನೆ ಬಳ್ಳಿ ನೋಡುವ ದಿನ. ದೀಪ ಹಚ್ಚುವ ಹೊತ್ತಿಗೆ ಓಣಿಯವರೆಲ್ಲ ಬಂದರು. ಪದ್ಧತಿಯಂತೆ ಹಿರಿಯ ಹೆಂಗಸರು ಮುಂದೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಂಬದಿಂದ ದೂರದಲ್ಲೇ ನೋಡಿದರು. ಹತ್ತಿರ ಹೋಗದಿರುವುದು ಗೌರವ ಎಂದು ನಾನು ಈವರೆಗೆ ತಿಳಿದಿದ್ದೆ. ಈ ಸಲ ನಾನು ಕಂಬ ನೋಡಲಿಲ್ಲ. ಅವರ ಹಿಂದೆ ಹೋಗಿ ನಿಂತೆ. ಎಲೆಹಸಿರು ಸೀರೆಗಳ ಸಾಲು. ಒಂದೊಂದು ಸೆರಗಿನ ತುದಿಯೂ ಚಿಂದಿ. ಬೆನ್ನ ಹಿಂದೆ ಕಟ್ಟಿದ ಕೈಗಳಲ್ಲಿ, ಒಬ್ಬೊಬ್ಬರ ಬೆರಳ ಮೇಲೂ ಹಳೆಯ ಗೀರುಗಳ ಬಿಳಿ ಗುರುತು. ಪಕ್ಕದ ಮನೆಯವಳು, ಎದುರು ಮನೆಯವಳು, ನಮ್ಮ ಓಣಿಯಲ್ಲಿ ಯಾರಿಗೂ ಒಂದು ಹನಿ ನೀರೂ ಕೊಡದವಳು ಎಂದು ಹೆಸರಾದವಳು. ಎಲ್ಲರೂ. ಅವರಲ್ಲೊಬ್ಬಳು ತಿರುಗಿ ನನ್ನನ್ನು ನೋಡಿ, ನನ್ನ ಸುಟ್ಟ ಕಾಲಿನ ಪಟ್ಟಿಯನ್ನೂ ನೋಡಿ, ಬಳ್ಳಿ ಚಲೋ ಹಿಡಿದಿದೆ ಎಂದಷ್ಟೇ ಹೇಳಿ ಮತ್ತೆ ಮುಂದಕ್ಕೆ ತಿರುಗಿದಳು. ಜಗದೇವಿ ಅತ್ತಳು, ಚಂದ್ರಶಾ ಅವಳಿಗಿಂತ ಹೆಚ್ಚು ಅತ್ತ. ಸುಗಲಾಬಾಯಿ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಮೂಲೆಯಲ್ಲಿ ಕೂತು, ಹುಡುಗಿ ತುಸು ಕಪ್ಪಾದಳಲ್ಲ ಎಂದು ಕುಂದು ಹುಡುಕುತ್ತಿದ್ದಳು.

ಇದನ್ನು ಇಲ್ಲಿ ಬದುಕಿರುವ ಯಾರಿಗೂ ನಾನು ಹೇಳುವಂತಿಲ್ಲ. ಹೇಳಿದರೆ ಬಿಚ್ಚಿದಂತೆ. ನಾನು ಹೇಳಿಕೊಳ್ಳಬೇಕಾಗಿದ್ದ ಅತ್ತೆ ಸತ್ತು ಹೋಗಿದ್ದಾಳೆ, ಅವಳಿರುವಲ್ಲಿಗೆ ಅಂಚೆಯಿಲ್ಲ. ನಿಮಗೆ ಮಾತ್ರ ಹೇಳಬಹುದು, ನಿಮ್ಮ ಕಾಲದಲ್ಲಿ ಇನ್ನೂ ಕೂಡುಗಂಬವೇ ಇಲ್ಲವಲ್ಲ. ಬರುವ ವರ್ಷ ನನ್ನ ಮಗನಿಗೂ ಸಂಬಂಧ ನೋಡಬೇಕು. ಆಚೆ ಮನೆಯವರದು ರಂಗೂನ್ ಮಲ್ಲಿಗೆಯಂತೆ. ಅದೂ ನುಣುಪು ಬಿದಿರಿಗೆ ನಿಲ್ಲುವ ಜಾತಿಯಲ್ಲ. ಇವತ್ತು ಸಂತೆಗೆ ಹೋಗಿ ಒಂದು ಎಲೆಹಸಿರು ಸೀರೆ ತಂದೆ. ಅಂಗಡಿಯವನು ಯಾಕೆಂದು ಕೇಳದೆ ಮೆತ್ತಗಿನದನ್ನೇ ಆರಿಸಿ ಕೊಟ್ಟ.

ಆದ್ದರಿಂದ, ಆಯಿ, ನನ್ನ ಮೊದಲ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆ ಗುಲಾಬಿ ಬಣ್ಣದ್ದನ್ನೇ ತನ್ನಿ. ತನ್ನ ಪಾಡಿಗೆ ತಾನು ಹಬ್ಬಲಾರದ್ದನ್ನೇ ತನ್ನಿ. ಕಪ್ಪು ಡಬ್ಬಿಗೆ ಮಾತ್ರ ಸುಣ್ಣ ಬಳಿಯಿರಿ, ಕೆಳಗೆ ಎರಡು ಇಟ್ಟಿಗೆ ಇಡಿ, ನೀರು ಬೆಳಿಗ್ಗೆ ಹಾಕಿ. ತಲೆಯ ಮೇಲೆ ಏನಾದರೂ ಹೊದ್ದುಕೊಳ್ಳಿ, ನಿಮ್ಮನ್ನು ನೋಡಲಾಗುವುದಿಲ್ಲ.

ಒಂದು ದಿನ ಗಾಳಿಗೆ ಅದು ಬೀಳುತ್ತದೆ. ನೀವು ಏಳುವ ಹೊತ್ತಿಗೆ ಯಾರೋ ಅದನ್ನು ಎತ್ತಿ ಮಾಳಿಗೆಯ ಸರಳಿಗೆ ಕಟ್ಟಿ ನಿಲ್ಲಿಸಿರುತ್ತಾರೆ. ಯಾರು ಕಟ್ಟಿದರೆಂದು ಕೇಳಬೇಡಿ. ಆಚೆ ಮನೆಯಾಕೆ ಬಂದಾಗ ಚಹಾ ಕೊಡಿ, ಬಟ್ಟಲು ಹಿಡಿಯುವ ಅವಳ ಬೆರಳುಗಳನ್ನೊಮ್ಮೆ ನೋಡಿ, ಮತ್ತೆ ಮಾತು ಮುಂದುವರಿಸಿ.

ನಿಮ್ಮ,
ಕಸ್ತೂರಿ